ಹಗಲು ಚೌಕಾಸಿ, ರಾತ್ರಿ ಹರಾಜು

ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ನಾಣ್ಯದ ರಾಯರು ಎಂದೇ ಕರೆಯುವುದು. ನಿಮ್ಮ ಬೀದಿಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ರಾಯರಲ್ಲದಿದ್ದರೆ ಗೌಡರು, ಶೆಟ್ಟರು, ಸಾಹೇಬರು. ಸರ್ವೀಸಿನಲ್ಲಿದ್ದಷ್ಟು ಕಾಲ ಬ್ಯಾಂಕಿನಲ್ಲಿ ಕೂತು ಬೇರೆಯವರ ದುಡ್ಡು ಎಣಿಸಿ, ನಿವೃತ್ತಿಯಾದ ಮೇಲೆ ಚಲಾವಣೆಯಲ್ಲಿಲ್ಲದ ದುಡ್ಡು ಎಣಿಸುತ್ತಾ ಕೂತವರು. ಗುರುತು ಹಿಡಿಯುವುದು ಸುಲಭ. ಅಂಗಿ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಮಸೂರ, ಪ್ಯಾಂಟಿನ ಜೇಬಿನಲ್ಲಿ ಅಯಸ್ಕಾಂತದ ಚೂರು, ಸೀರೆ ಅಂಗಡಿಯವರು ಕೊಟ್ಟ ಬಟ್ಟೆಚೀಲದಲ್ಲಿ ಅಂಗೈಯಗಲದ ಡಿಜಿಟಲ್ ತಕ್ಕಡಿ. ಬೆಳ್ಳಿ ರೂಪಾಯಿ ಕಣ್ಣಿಗೆ ಬಿದ್ದರೆ ಮೊದಲು ತೂಕ. ಒಂದು ತೊಲ, ಅಂದರೆ 11.66 ಗ್ರಾಂ ಬಂತೋ, ರಾಯರ ಮುಖದಲ್ಲಿ ಒಂದು ಬಗೆಯ ನಿರಾಸೆ. ನಕಲಿ ಎಂದು ಸಾರುವ ಅವಕಾಶ ತಪ್ಪಿತಲ್ಲ!

ಬೆಂಗಳೂರಿನ ಕೆ.ಜಿ. ರಸ್ತೆಯ ಶಿಕ್ಷಕರ ಸದನದಲ್ಲಿ ನಾಣ್ಯ ಪ್ರದರ್ಶನ ಇದೆಯೆಂದರೆ ರಾಯರು ಬಾಗಿಲು ತೆರೆಯುವ ಮೊದಲೇ ಅಲ್ಲಿರುತ್ತಾರೆ. ಹಿಂದಿನ ರಾತ್ರಿ ಹಣ ಹಂಚಿ ಇಡುವ ಕೆಲಸ ನಡೆದಿರುತ್ತದೆ. ಮೂರು ಜೇಬಿಗೆ ಮೂರು ಮೊತ್ತ. ಮೇಲಿನ ಜೇಬಿನದು ತೋರಿಸುವುದಕ್ಕೆ. ಚೌಕಾಸಿ ತುದಿಗೆ ಬಂದಾಗ ಅದನ್ನು ಮೇಜಿನ ಮೇಲೆ ಸುರಿದು, "ನೋಡಿ ಸೇಟು, ನನ್ನ ಹತ್ರ ಇರೋದೇ ಇಷ್ಟು, ಬಸ್ಸಿಗೆ ಇಪ್ಪತ್ತು ರೂಪಾಯಿ ಬಿಟ್ಟು ಉಳಿದದ್ದು ತಗೊಳ್ಳಿ" ಅನ್ನಬೇಕು. ಈ ವಿದ್ಯೆ ಬಹಳ ವರ್ಷ ಫಲ ಕೊಟ್ಟಿತ್ತು. ಯುಪಿಐ ಬಂದು ಕೆಡಿಸಿತು. ಈಗ ಸೇಟು ಒಂದು ಮಾತೂ ಆಡದೆ ಕ್ಯೂಆರ್ ಫಲಕವನ್ನು ರಾಯರ ಕಡೆಗೆ ತಿರುಗಿಸಿ ಇಡುತ್ತಾನೆ.

ಬೇಕಾದ ನಾಣ್ಯವನ್ನು ರಾಯರು ಎಂದೂ ನೇರವಾಗಿ ನೋಡುವುದಿಲ್ಲ. ಟಿಪ್ಪುವಿನ ಆನೆ ಪೈಸೆ ಬೇಕಿದ್ದರೆ ನಿಜಾಮನ ಕಾಲದ ಯಾವುದೋ ಆಣೆ ಕೇಳುತ್ತಾರೆ. ಅದನ್ನು ಹಿಂದೆ ಮುಂದೆ ತಿರುಗಿಸಿ, ಬೇಡವೆಂದು ಕೊಟ್ಟು, ಎದ್ದು ಹೋಗುವವರಂತೆ ಮಾಡಿ, ಆಮೇಲೆ ಆಕಸ್ಮಿಕವೆಂಬಂತೆ:

"ಇದೇನು, ಆನೆನಾ? ಬಾಲ ಸವೆದು ಹೋಗಿದೆಯಲ್ಲ. ಎಷ್ಟು ಹೇಳ್ತೀರಿ?"

"ನಿಮಗೆ ಅಂತ ಸಾರ್, ಹದಿನೆಂಟು ನೂರು."

"ನನಗೇ ಹದಿನೆಂಟು ನೂರಾದ್ರೆ ಬೇರೆಯವರಿಗೆ ಎಷ್ಟು?"

"ಬೇರೆಯವರಿಗೆ ಹದಿನೈದು ನೂರು ಸಾರ್. ಅವರು ತಗೊಂಡು ಬೇಗ ಹೋಗಿಬಿಡ್ತಾರೆ."

ರಾಯರು ಬೇಗ ಹೋಗುವವರಲ್ಲ. ಪಕ್ಕದಲ್ಲಿ ನಿಂತ ಕಾಲೇಜು ಹುಡುಗನಿಗೆ ಪಾಠ ಶುರುವಾಗುತ್ತದೆ. ಟಿಪ್ಪು 1787ರಲ್ಲಿ ಮೌಲೂದಿ ಎಂಬ ಹೊಸ ಶಕೆ ತಂದ, ಆಮೇಲಿನ ನಾಣ್ಯಗಳ ಮೇಲೆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ, 7121 ಎಂದು ಕಂಡರೆ ಅದನ್ನು 1217 ಎಂದು ಓದಿಕೊಳ್ಳಬೇಕು. ಪೈಸೆಗೆ ಶುಕ್ರಗ್ರಹದ ಹೆಸರು, ಜೊಹ್ರಾ. ಪಟ್ಟಣ ಅಂದರೆ ಶ್ರೀರಂಗಪಟ್ಟಣದ ಟಂಕಸಾಲೆ, ನಗರ ಅಂದರೆ ಬಿದನೂರಿನದು. ಹೆಂಡರ್ಸನ್ನನ 1921ರ ಪುಸ್ತಕದ ಜೆರಾಕ್ಸ್ ಪ್ರತಿ ಚೀಲದಿಂದ ಹೊರಗೆ ಬರುತ್ತದೆ, ಸೇಟುವಿನ ಮೇಜಿನ ಅರ್ಧ ಭಾಗ ಮುಚ್ಚಿಹೋಗುತ್ತದೆ. ಹುಡುಗನಿಗೆ ವಿಷಯ ಎಷ್ಟು ಹಿಡಿಸುತ್ತದೆಂದರೆ, ರಾಯರು ಪುಟ ಹುಡುಕುತ್ತಿರುವಾಗಲೇ ಆ ಆನೆಯನ್ನು ಹದಿನೈದು ನೂರು ಕೊಟ್ಟು ಕೊಂಡು ಹೊರಟುಬಿಡುತ್ತಾನೆ.

ಬೇಜಾರೇನಿಲ್ಲ. ಕೊಳ್ಳುವುದೊಂದೇ ಕೆಲಸವಾಗಿದ್ದರೆ ಅವರು ಅಲ್ಲಿಗೆ ಬರಬೇಕಾಗಿಯೇ ಇರಲಿಲ್ಲ. ನಾಣ್ಯವನ್ನು ಕೈಯಲ್ಲಿ ಮುಟ್ಟಿ ನೋಡಬೇಕು, ಮೊಬೈಲಿನಲ್ಲಿ ಆ ಸುಖ ಎಲ್ಲಿ ಬರುತ್ತೆ ಎಂದು ಈ ಪೈಕಿಯವರೆಲ್ಲ ಹೇಳುವುದುಂಟು. ನಾನು ನಂಬುವುದಿಲ್ಲ. ಪ್ರದರ್ಶನದಲ್ಲಿ ಒಳ್ಳೆಯ ನಾಣ್ಯಗಳೆಲ್ಲ ರಟ್ಟಿನ ಚೌಕಟ್ಟಿನಲ್ಲೋ ಪ್ಲಾಸ್ಟಿಕ್ ಡಬ್ಬಿಯಲ್ಲೋ ಭದ್ರವಾಗಿರುತ್ತವೆ. ರಾಯರು ದಿನವಿಡೀ ಮುಟ್ಟುವುದು ಪ್ಲಾಸ್ಟಿಕ್ಕನ್ನು, ಮತ್ತೆ ಟೀ ಲೋಟವನ್ನು. ಅವರು ಬರುವುದು ಮಾತಿಗೆ. ಮನೆಯಲ್ಲಿ 1911ರ ಹಂದಿ ರೂಪಾಯಿಯ ಕಥೆ ಕೇಳುವವರು ಯಾರೂ ಉಳಿದಿಲ್ಲ. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆ ಮೊಂಡು ಸೊಂಡಿಲಿನಿಂದಾಗಿ ಹಂದಿಯಂತೆ ಕಂಡದ್ದು, ಜನ ಗಲಾಟೆ ಮಾಡಿದ್ದು, ಸರ್ಕಾರ ಬಹುಪಾಲು ನಾಣ್ಯಗಳನ್ನು ಕರಗಿಸಿ 1912ರಲ್ಲಿ ಸೊಂಡಿಲು ತಿದ್ದಿಸಿದ್ದು, ಇದನ್ನೆಲ್ಲ ಮನೆಯಾಕೆ ಮದುವೆಯಾದ ಹೊಸತರಲ್ಲಿ ಒಮ್ಮೆ ಕೇಳಿದ್ದಾರೆ. ಮಗ ಅಮೆರಿಕದಲ್ಲಿ. ಒಯ್ದು ತೋರಿಸೋಣವೆಂದರೆ ನೂರು ವರ್ಷ ದಾಟಿದ ನಾಣ್ಯವನ್ನು ಅಪ್ಪಣೆಯಿಲ್ಲದೆ ದೇಶದಾಚೆ ಸಾಗಿಸುವಂತಿಲ್ಲ, 1972ರ ಪ್ರಾಚ್ಯವಸ್ತು ಕಾಯಿದೆ ಅಡ್ಡ ಬರುತ್ತದೆ. ಮಗ ಇತ್ತ ಬರುವುದಿಲ್ಲ, ನಾಣ್ಯ ಅತ್ತ ಹೋಗುವಂತಿಲ್ಲ.

ಊಟದ ಹೊತ್ತಿಗೆ ಹಾಲಿಗೆ ಇನ್ನೊಂದು ಬಗೆಯ ಜನ ಬರುತ್ತಾರೆ. ಕರವಸ್ತ್ರದ ಗಂಟಿನಲ್ಲಿ ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯ ಕಟ್ಟಿಕೊಂಡು, ಯಾರಿಗೂ ಕೇಳಿಸದಂತೆ, "ಹತ್ತು ಲಕ್ಷಕ್ಕೆ ಹೋಗುತ್ತಂತಲ್ಲ?" ಎಂದು ಕೇಳುವವರು. ಯಾರೋ ಫೋನಿನಲ್ಲಿ ಕಳಿಸಿದ ವೀಡಿಯೊ ಸಾಕ್ಷಿ. ಡೀಲರುಗಳಿಗೆ ಉತ್ತರ ಹೇಳಿ ಹೇಳಿ ಸಾಕಾಗಿ, ಅಂಥವರನ್ನು ರಾಯರ ಕಡೆ ದಾಟಿಸುತ್ತಾರೆ. ರಾಯರು ಸಂಬಳವಿಲ್ಲದ ಈ ಹುದ್ದೆಯನ್ನು ಶ್ರದ್ಧೆಯಿಂದ ಮಾಡುತ್ತಾರೆ. 2012ರಲ್ಲಿ ಹೊರಟ ನಾಣ್ಯ ಇದು, ಐದು ರೂಪಾಯಿಗೆ ಚೆನ್ನಾಗಿ ಓಡುತ್ತದೆ, ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆಂದು ಮೊದಲು ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿದೆ. ಇನ್ನೊಬ್ಬರ ಬಳಿ 1818 ಎಂದು ಅಚ್ಚಾದ ಹನುಮಂತನ ತಾಮ್ರದ ಬಿಲ್ಲೆ, ಈಸ್ಟ್ ಇಂಡಿಯಾ ಕಂಪನಿಯದಂತೆ, ಅಕ್ಕಿಕಾಳನ್ನು ಎಳೆಯುತ್ತದಂತೆ. ರಾಯರು ಜೇಬಿನಿಂದ ಅಯಸ್ಕಾಂತ ತೆಗೆದು ಹತ್ತಿರ ಹಿಡಿಯುತ್ತಾರೆ. ಬಿಲ್ಲೆ ಟಪ್ಪೆಂದು ಅಂಟಿಕೊಳ್ಳುತ್ತದೆ. "ನೋಡಿ, ತಾಮ್ರವಾಗಿದ್ರೆ ಅಂಟ್ತಿರಲಿಲ್ಲ. ಇದು ಕಬ್ಬಿಣಕ್ಕೆ ತಾಮ್ರದ ಲೇಪ" ಅನ್ನುತ್ತಾರೆ ರಾಯರು. ತಂದಾತ ಮಾತ್ರ ಬಿಲ್ಲೆಗೆ ಶಕ್ತಿ ಇರುವುದು ಖಾತ್ರಿಯಾಯಿತೆಂದು ಇನ್ನಷ್ಟು ಜೋಪಾನವಾಗಿ ಗಂಟು ಕಟ್ಟಿಕೊಂಡು ಹೋಗುತ್ತಾನೆ.

ಹೋದ ಸಲದ ಪ್ರದರ್ಶನದಲ್ಲಿ ನಡೆದದ್ದನ್ನು ಹೇಳದಿದ್ದರೆ ರಾಯರ ಚಿತ್ರ ಪೂರ್ತಿಯಾಗುವುದಿಲ್ಲ. ಸೇಟು ಒಂದು ಕಂಠೀರಾಯಿ ಹಣ ತೋರಿಸಿದ. ಹದಿನೇಳನೆಯ ಶತಮಾನದ ಕಂಠೀರವ ನರಸರಾಜ ಒಡೆಯರ ಹೆಸರಿನ ಚಿನ್ನದ ನಾಣ್ಯ. ಒಂದು ಗ್ರಾಮಿನ ಅರ್ಧವೂ ತೂಗುವುದಿಲ್ಲ, ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಅದರೊಳಗೇ ಒಬ್ಬ ನರಸಿಂಹ ಕೂತಿದ್ದಾನೆ. ಪ್ಲಾಸ್ಟಿಕ್ಕಿನಿಂದ ಹೊರಗೆ ತೆಗೆಯಲೇಬೇಕೆಂದು ರಾಯರ ಹಟ. ತೆಗೆದದ್ದಾಯಿತು. ಎರಡು ಬೆರಳಲ್ಲಿ ಅಂಚು ಹಿಡಿದು ಮಸೂರಕ್ಕೆ ತಂದರು. ಆಗ ಯಾರೋ ಹಿಂದಿನಿಂದ "ನಮಸ್ಕಾರ ರಾಯರೇ" ಅಂದರು. ಸಜ್ಜನರಾದ ರಾಯರು ಎರಡೂ ಕೈ ಜೋಡಿಸಿದರು.

ನಾಣ್ಯ ಬಿದ್ದ ಸದ್ದು ಕೂಡ ಬರಲಿಲ್ಲ. "ಯಾರೂ ಕಾಲು ಎತ್ತಬೇಡಿ!" ಎಂದು ಸೇಟು ಕೂಗಿದ. ಆ ಸಾಲಿನ ಮೇಜುಗಳ ಮುಂದೆ ಇದ್ದವರೆಲ್ಲ ಹೇಗಿದ್ದರೋ ಹಾಗೇ ನಿಂತರು. ಒಬ್ಬರದು ಒಂದು ಕಾಲು ಗಾಳಿಯಲ್ಲೇ ಉಳಿಯಿತು. ಜಮಖಾನದ ಮೇಲೆ ಎಂಟು ಹತ್ತು ಜನ ಮೊಣಕಾಲೂರಿ, ಮೊಬೈಲ್ ಟಾರ್ಚ್ ಹಾಕಿ, ಮಸೂರ ಹಿಡಿದು ಹುಡುಕಿದರು. ಒಂದು ಗುಂಡುಪಿನ್ನು, ಜಾಕೆಟ್ಟಿನ ಕೊಂಡಿ, ಎರಡು ಸಾಸಿವೆ ಸಿಕ್ಕವು. ಕೊನೆಗೆ ಸೇಟುವಿನ ಮಗನ ಕಣ್ಣು ನಿಧಾನಕ್ಕೆ ಮೇಲೇರಿ ರಾಯರ ಮೇಲೆ ನಿಂತಿತು. ಎಲ್ಲರ ಕಣ್ಣೂ ನಿಂತಿತು. ಮಡಿಸಿದ ತೋಳಿನ ಮಡಿಕೆಯೊಳಗೆ ನರಸಿಂಹ ಸುಖವಾಗಿದ್ದ.

ಯಾರೂ ಏನೂ ಅನ್ನಲಿಲ್ಲ, ಅದೇ ತೊಂದರೆಯಾದದ್ದು. ಏನಾದರೂ ಅಂದಿದ್ದರೆ ರಾಯರು ಜಗಳವಾಡಿ ಹೊರಬರಬಹುದಿತ್ತು. ಹೇಳಿದ ಐದು ಸಾವಿರವನ್ನು ಒಂದು ಪೈಸೆ ಕಡಿಮೆ ಕೇಳದೆ, ಮೂರೂ ಜೇಬು ಬಳಿದು ಕೊಟ್ಟರು. ಅವರು ಮೊದಲ ಬೆಲೆಗೆ ಕೊಂಡದ್ದನ್ನು ಕಂಡವರು ಇಂದಿಗೂ ಅದನ್ನು ಹೇಳಿಕೊಳ್ಳುತ್ತಾರೆ.

ಹಗಲಿನ ರಾಯರು ಇವರು. ರಾತ್ರಿ ಹತ್ತರ ಮೇಲಿನ ರಾಯರೇ ಬೇರೆ.

ಮನೆಯಾಕೆ ಮಲಗಿದ ಮೇಲೆ, ಹಜಾರದ ದೀಪ ಆರಿಸಿ, ಮೊಬೈಲಿನ ಬೆಳಕಿನಲ್ಲಿ ಆನ್‌ಲೈನ್ ಹರಾಜಿಗೆ ಕೂರುತ್ತಾರೆ. ಇಲ್ಲಿ ಮೂರು ಜೇಬಿಲ್ಲ, ಬಸ್ಸಿನ ಇಪ್ಪತ್ತು ರೂಪಾಯಿಯಿಲ್ಲ, ಆನೆಯ ಬಾಲದ ಮಾತಿಲ್ಲ. ಐವತ್ತು ರೂಪಾಯಿಗಾಗಿ ಮಧ್ಯಾಹ್ನವೆಲ್ಲ ನಿಂತ ಮನುಷ್ಯ ಬೆರಳು ಒತ್ತಿದರೆ ಐನೂರು ಏರುತ್ತದೆ. ಎದುರಿಗೆ ಸೇಟುವಿನ ಮುಖವಿದ್ದರೆ ಬೆಲೆ ಕಡಿಮೆ ಮಾಡಬೇಕೆಂಬ ಹಟ. ಮುಖವೇ ಇಲ್ಲದ ಒಬ್ಬ ಬಿಡ್ಡರ್ ನಂಬರ್ ಎದುರಿಗಿದ್ದರೆ ಅವನಿಗೆ ಬಿಡಬಾರದೆಂಬ ಹಟ. ಗೆದ್ದ ಮೇಲೆ ಬೆಲೆಯ ಮೇಲೆ ಹರಾಜುದಾರರ ಪ್ರೀಮಿಯಂ, ಅದರ ಮೇಲೆ ಜಿಎಸ್‌ಟಿ, ಕೊರಿಯರ್. ಪ್ರದರ್ಶನದಲ್ಲಿ ಸೇಟು ಹೀಗೆ ಮೇಲಿಂದ ಮೇಲೆ ಕೂಡಿಸಿದ್ದರೆ ರಾಯರು ನಾಣ್ಯ ಸಂಘಕ್ಕೆ ದೂರು ಬರೆಯುತ್ತಿದ್ದರು.

ಆನ್‌ಲೈನಿನ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಶಿರಸಿಯಲ್ಲೋ ಸಿಂಧನೂರಿನಲ್ಲೋ ಇರುವ ಹುಡುಗ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯದೆ ಒಂದು ಹೊಯ್ಸಳರ ನಾಣ್ಯ ನೋಡಬಹುದು, ಹಿಂದಿನ ಹರಾಜಿನಲ್ಲಿ ಎಷ್ಟಕ್ಕೆ ಹೋಯಿತೆಂದು ತಿಳಿದು ಮೋಸ ತಪ್ಪಿಸಿಕೊಳ್ಳಬಹುದು. ರಾಯರಿಗೆ ಆ ತಿಳುವಳಿಕೆಯೆಲ್ಲ ಇದೆ, ಹಗಲು ಹೊತ್ತಿನಲ್ಲಿ. ರಾತ್ರಿ ಅವರನ್ನು ಕೆಡಿಸುವುದು ಫೋಟೊ. ಅಕ್ಕಿರೊಟ್ಟಿಯಷ್ಟಗಲ ತೆರೆಯ ತುಂಬ ಹೊಳೆದ ನಾಣ್ಯ ಮನೆಗೆ ಬಂದಾಗ ಹೆಸರುಬೇಳೆ. ಅದೂ ಡಬ್ಬಿಯೊಳಗೆ ಡಬ್ಬಿ, ಸುತ್ತ ಸೆಲ್ಲೋಟೇಪು. ಬಿಡಿಸಲು ಈಳಿಗೆಮಣೆಯೇ ಬೇಕು, ಈಳಿಗೆಮಣೆ ಅಂದಮೇಲೆ ಮನೆಯಾಕೆಗೆ ಗೊತ್ತಾಗಲೇಬೇಕು.

"ಏನೂಂದ್ರೆ, ಮತ್ತೆ ಬಂತಾ?"

"ನಂದಲ್ಲ ಕಣೇ, ಮೇಷ್ಟ್ರದು. ಅವರ ಮನೆಗೆ ಕೊರಿಯರ್ ಸರಿಯಾಗಿ ಹೋಗಲ್ಲ ಅಂತ ನಮ್ಮ ವಿಳಾಸ ಕೊಟ್ಟಿದ್ದಾರೆ."

ಒಮ್ಮೆ ಆಕೆ ಸಹಾಯವಾಗಲೆಂದು ಕಪ್ಪಾಗಿದ್ದ ಒಂದು ತಾಮ್ರದ ಕಾಸನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ದೇವರ ಮನೆಯ ಪಂಚಪಾತ್ರೆಯ ಜೊತೆ ಥಳಥಳ ಹೊಳೆಯುವಂತೆ ಇಟ್ಟಿದ್ದರು. ನೂರಾರು ವರ್ಷ ಕೂತ ಬಣ್ಣ ಹೋದರೆ ನಾಣ್ಯದ ಬೆಲೆಯೂ ಹೋಯಿತು. ರಾಯರು ಅಂದು ಊಟ ಮಾಡಲಿಲ್ಲ. ಮೇಷ್ಟ್ರದಾದರೆ ನಿಮಗ್ಯಾಕೆ ಇಷ್ಟು ಸಂಕಟ ಎಂದು ಆಕೆ ಕೇಳಿದ ಪ್ರಶ್ನೆಗೆ ಉತ್ತರವೂ ಕೊಡಲಿಲ್ಲ.

ಈ ಮೇಷ್ಟ್ರು ಕಟ್ಟುಕಥೆಯಲ್ಲ. ತುಮಕೂರಿನ ಕಡೆಯ ನಿವೃತ್ತ ಹೈಸ್ಕೂಲು ಮೇಷ್ಟ್ರು, ಪ್ರದರ್ಶನದಲ್ಲಿ ರಾಯರ ಜೋಡಿ. ಇಬ್ಬರೂ ಒಂದೇ ಡಬ್ಬಿಯ ಚಿತ್ರಾನ್ನ ತಿನ್ನುತ್ತಾರೆ. ಒಬ್ಬರಲ್ಲಿ ಎರಡಿದ್ದ ನಾಣ್ಯ ಇನ್ನೊಬ್ಬರಿಗೆ ಪುಕ್ಕಟೆ. "ದುಡ್ಡಿನ ಮಾತು ನಮ್ಮಿಬ್ಬರ ಮಧ್ಯೆ ಬರಬಾರದು" ಎನ್ನುವುದು ಇಬ್ಬರ ಮಾತು.

ಸೇಟುವಿನ ಮಗ ಈಚೆಗೆ ತಾನೇ ಆನ್‌ಲೈನ್ ಹರಾಜು ಶುರುಮಾಡಿದ್ದಾನೆ. ಕಳೆದ ಹರಾಜಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸಿನ ತಾಮ್ರದ ನಾಣ್ಯ ಬಂದಿತ್ತು. ಒಂದು ಕಡೆ ಆನೆ, ಇನ್ನೊಂದು ಕಡೆ ಕನ್ನಡದಲ್ಲಿ ಮಯಿಲಿ ಕಾಸು, ಅದರ ಜೊತೆಗೇ ಇಂಗ್ಲಿಷ್ ಅಕ್ಷರದಲ್ಲಿ ಕ್ಯಾಶ್. ಅಪರೂಪದ್ದೇನಲ್ಲ. ಪ್ರದರ್ಶನದಲ್ಲಿ ಸೇಟು ಅದನ್ನೇ ಒಂಬೈನೂರಕ್ಕೆ ಕೊಡುತ್ತೇನೆಂದಾಗ ರಾಯರು ಆರುನೂರಕ್ಕೆ ನಿಂತು ಬಿಟ್ಟುಬಂದಿದ್ದರು. ಮೇಷ್ಟ್ರು ಆರುನೂರ ಐವತ್ತಕ್ಕೆ. ಆ ರಾತ್ರಿ ಅದು ಒಂಬೈನೂರು ದಾಟಿತು, ಎರಡು ಸಾವಿರ ದಾಟಿತು. "ಯಾವನೋ ಬಾಂಬೆಯ ಶೇರು ಮಾರ್ಕೆಟ್‌ನವನು ಇರಬೇಕು, ನಮ್ಮ ಮೈಸೂರಿನ ಕಾಸು ಅವನಿಗ್ಯಾಕೆ" ಎಂದು ರಾಯರು ಕತ್ತಲಲ್ಲೇ ಗೊಣಗುತ್ತಾ ಒತ್ತಿದರು. ಮೂರು ಸಾವಿರದ ನಾನೂರಕ್ಕೆ ರಾಯರಿಗೇ ನಿಂತಿತು.

ಮುಂದಿನ ಪ್ರದರ್ಶನದಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುವಾಗ ಮೇಷ್ಟ್ರು ಶುರುಮಾಡಿದರು: "ಈ ಆನ್‌ಲೈನು ನಮ್ಮಂಥವರಿಗಲ್ಲ ರಾಯರೇ. ಮೊನ್ನೆ ಒಂದು ಮಯಿಲಿ ಕಾಸಿಗೆ ನಿಂತಿದ್ದೆ. ಯಾವನೋ ದುಬೈ ಪಾರ್ಟಿ, ದುಡ್ಡಿನ ಮದ, ಏರಿಸಿದ ಏರಿಸಿದ, ಮೂರು ಸಾವಿರದ ಮುನ್ನೂರಕ್ಕೆ ಕೈಬಿಟ್ಟೆ."

ರಾಯರ ಕೈಯ ತುತ್ತು ಅಲ್ಲೇ ನಿಂತಿತು. ಆಮೇಲೆ, "ಹೌದು ಹೌದು, ದುಬೈನವರೇ ಇರಬೇಕು" ಅಂದು ಬಾಯಿಗಿಟ್ಟುಕೊಂಡರು.

ಮೇಜಿನ ಆಚೆ ಕೂತಿದ್ದ ಸೇಟು ಮಗನ ಮುಖ ನೋಡಿದ, ಮಗ ನೆಲ ನೋಡಿದ. ಸೇಟು ಟೀ ಹುಡುಗನನ್ನು ಕರೆದು, "ಸಾರ್‌ಗಳಿಬ್ಬರಿಗೂ ಸ್ಪೆಷಲ್ ಟೀ, ನನ್ನ ಲೆಕ್ಕಕ್ಕೆ ಬರ್ಕೋ. ಬಿಸ್ಕತ್ತೂ ಕೊಡು" ಎಂದ.