ಚುಕ್ಕಿ ಸರ್

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಸೀಮೆಯ ಯಾವ ಊರಿಗೆ ಹೋದರೂ ಒಬ್ಬ ಚುಕ್ಕಿ ಸರ್ ಇದ್ದೇ ಇರುತ್ತಾರೆ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಮೀಟರು, ವಾಲ್ವು ನೋಡಿಕೊಂಡು ನಿವೃತ್ತರಾದವರು. ಪಿಎಫ್ ದುಡ್ಡಲ್ಲಿ ಮಗಳ ಮದುವೆ ಮಾಡಿ, ಉಳಿದದ್ದಕ್ಕೆ ಕ್ಯಾಮೆರಾ ತಂದವರು. ಕ್ಯಾಮೆರಾ ತಂದ ಮೇಲೆ ಫೋಟೋ ತೆಗೆಯುತ್ತಾರೆ ಎಂದುಕೊಂಡರೆ ನಿಮಗೆ ಅವರ ಪರಿಚಯವಿಲ್ಲ. ಅವರು ತೆಗೆಯುವುದು ಫೋಟೋದೊಳಗಿನ ಚುಕ್ಕಿಗಳನ್ನು. ಈ ಕುಲದ ಶ್ರೇಷ್ಠ ಮಾದರಿ ಮಳಖೇಡದಲ್ಲಿದೆ.

ಅವರಿಗೆ ಮೊಮ್ಮಗುವಿನ ಫೋಟೋ ತೋರಿಸಿ ನೋಡಿ. ಮಗು ನಗುತ್ತಿದೆಯೋ ಅಳುತ್ತಿದೆಯೋ ಅವರಿಗೆ ಸಂಬಂಧವಿಲ್ಲ. ನೇರವಾಗಿ ಮಗುವಿನ ಹಿಂದಿನ ಪರದೆಯ ಕತ್ತಲೆ ಮಡಿಕೆಗೆ ಹೋಗಿ, ಶೇ 400ಕ್ಕೆ ಹಿಗ್ಗಿಸಿ, ಕನ್ನಡಕ ಹಣೆಗೇರಿಸಿ, “ಇಲ್ಲಿ ನೋಡ್ರಿ, ಕೆಂಪು ಹಸಿರು ಚುಕ್ಕಿ. ಕ್ರೋಮಾ ನಾಯ್ಸ್. ಇದು ಹೋಗ್ತದ. ಅದರ ಬಾಜೂಕ ಬೂದಿ ಬಣ್ಣದ್ದು ಅದ ನೋಡ್ರಿ, ಲೂಮಿನನ್ಸ್ ನಾಯ್ಸ್, ಅದು ಭಾಳ ಹಟಮಾರಿ” ಎನ್ನುತ್ತಾರೆ. ಮಗು ಗಂಡೋ ಹೆಣ್ಣೋ ಎಂದು ಕೇಳಿದ ದಾಖಲೆ ಇಲ್ಲ.

ವಿಷಯ ಮಾತ್ರ ಅವರಿಗೆ ಖರೇನೇ ಗೊತ್ತು. “ಬೆಳಕು ಒಂದೇ ಸಮ ಸುರಿಯಂಗಿಲ್ರಿ, ಕಣಕಣ ಆಗಿ ಬೀಳ್ತದ. ಕತ್ತಲಾಗ ಒಂದು ಪಿಕ್ಸೆಲ್‌ಗೆ ಹತ್ತು ಬಿದ್ರ ಮಗ್ಗಲದ್ದಕ್ಕ ಆರೇ ಬೀಳ್ತಾವ. ಐಎಸ್‌ಒ ಏರಿಸಿದ್ರ ಆ ಅನ್ಯಾಯಾನೂ ಏರ್ತದ.” ಇಷ್ಟು ಚೊಕ್ಕವಾಗಿ ಹೇಳುವ ಮೇಷ್ಟರು ಕಾಲೇಜಿನಲ್ಲೂ ಅಪರೂಪ.

ಆದರೆ ಚುಕ್ಕಿ ಸರ್‌ಗೆ ನಮ್ಮ ಸೀಮೆಯೇ ಶತ್ರು. ಕತ್ತಲಿದ್ದರೆ ತಾನೇ ಚುಕ್ಕಿ? ಇಲ್ಲಿ ಬೆಳಗ್ಗೆ ಎಂಟಕ್ಕೇ ಬಿಸಿಲು ಕಣ್ಣು ಕುಕ್ಕುತ್ತದೆ. ಶಹಾಬಾದ್ ಕಲ್ಲಿನ ಗಣಿಯ ಅಂಚಿಗೆ ನಿಂತರೆ ಐಎಸ್‌ಒ 100 ಕೂಡ ಹೆಚ್ಚು. ಅಲ್ಲಿ ತೆಗೆದ ಚಿತ್ರದಲ್ಲಿ ಹುಡುಕಿದರೂ ಚುಕ್ಕಿ ಸಿಗದು. ಸಿಕ್ಕ ಒಂದೆರಡೂ ಸೆನ್ಸರ್ ಮೇಲೆ ಕೂತ ಧೂಳು, ಅದಕ್ಕೆ ಬೇಕಾದದ್ದು ಸಾಫ್ಟ್‌ವೇರ್ ಅಲ್ಲ, ಊದುವ ಬಲ್ಬು. ಚುಕ್ಕಿಯೇ ಇಲ್ಲದ ಮೇಲೆ ಚುಕ್ಕಿ ತೆಗೆಯುವ ಸಾಫ್ಟ್‌ವೇರ್‌ಗಳ ಪರೀಕ್ಷೆ ಹೇಗೆ? ಅದಕ್ಕೇ ಅವರು ಸಂಜೆ ಏಳಾಗುವ ತನಕ ಕಾದು ಕೋಟೆಗೆ ಹೋಗುತ್ತಾರೆ. ರಾಷ್ಟ್ರಕೂಟರ ರಾಜಧಾನಿಯಲ್ಲಿ, ಕಾಗಿಣಾ ದಂಡೆಯ ಹಾಳುಗೋಡೆಯ ಮುಂದೆ ನಿಂತು ಐಎಸ್‌ಒ 12800ಕ್ಕೆ ತಿರುಗಿಸುತ್ತಾರೆ. ಮೊದಲು ಚುಕ್ಕಿ ಬೆಳೆಸಬೇಕು, ಆಮೇಲೆ ಕೊಯ್ಯಬೇಕು. ಟ್ರೈಪಾಡ್ ಹೆಗಲ ಮೇಲೇ ಇರುತ್ತದೆ. ಅದನ್ನು ನೆಲಕ್ಕಿಟ್ಟು ಐಎಸ್‌ಒ ಇಳಿಸಿ ಮೂವತ್ತು ಸೆಕೆಂಡು ಕಾದರೆ ಚಿತ್ರ ಶುಭ್ರವಾಗಿ ಬರುತ್ತದೆಂದು ಯಾರೋ ಹುಡುಗ ಅಂದದ್ದಕ್ಕೆ, “ಹಂಗಾದ್ರ ನಾ ಮನ್ಯಾಗ ಏನ್ ಮಾಡ್ಲಿ?” ಎಂದರಂತೆ. ಪ್ರಾಮಾಣಿಕ ಮನುಷ್ಯ.

ಮನೆಯಲ್ಲಿ ಮಾಡಲು ಬೇಕಾದಷ್ಟಿದೆ. ಹಳೆಯ ಕಾಲದ ನಾಯ್ಸ್ ನಿಂಜಾ, ನೀಟ್ ಇಮೇಜ್‌ನಿಂದ ಶುರುಮಾಡಿದವರು ಅವರು. ಪ್ರತಿ ಕ್ಯಾಮೆರಾಕ್ಕೂ, ಪ್ರತಿ ಐಎಸ್‌ಒಗೂ ಚುಕ್ಕಿಯ ಜಾತಕ ಬರೆದಿಟ್ಟುಕೊಂಡು, ಅದರ ಪ್ರಕಾರ ಚುಕ್ಕಿ ತೆಗೆಯುವ ಕಾಲ ಅದು. 2020ರಲ್ಲಿ ಡಿಎಕ್ಸ್‌ಒದವರ ಡೀಪ್‌ಪ್ರೈಮ್ ಬಂತು. 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮ್ ಒಳಗೇ ಎಐ ಡಿನಾಯ್ಸ್ ಬಂತು. ಜೊತೆಗೆ ಟೋಪಾಜ್, ಆನ್‌ಒನ್. ಪುಕ್ಕಟೆಯದು ಬೇಕೆಂದರೆ ಡಾರ್ಕ್‌ಟೇಬಲ್ ಇದೆ. ಆದರೆ ಪುಕ್ಕಟೆಯದರಲ್ಲಿ ಟ್ರಯಲ್ ಅವಧಿ ಮುಗಿಯುವ ರೋಮಾಂಚನವಿಲ್ಲ. ಚುಕ್ಕಿ ಸರ್ ಬದುಕಿರುವುದೇ ಟ್ರಯಲ್‌ಗಳಲ್ಲಿ. ಒಂದರ ಗಡುವು ಮುಗಿದ ರಾತ್ರಿ ಇನ್ನೊಂದು ಇಳಿಯುತ್ತದೆ. ಹೆಂಡತಿ, ಅಳಿಯ, ಬೀಗರು, ಎಲ್ಲರ ಹೆಸರಲ್ಲೂ ಇಮೇಲ್ ಐಡಿ ಇವೆ. ಬೀಗರಿಗೆ ಇದು ಗೊತ್ತಿಲ್ಲ; ಅವರಿಗೆ ಪ್ಯಾರಿಸ್ಸಿನ ಡಿಎಕ್ಸ್‌ಒದವರಿಂದ ಯಾಕೆ ಹಬ್ಬದ ರಿಯಾಯಿತಿಯ ಪತ್ರ ಬರುತ್ತದೆ ಎಂಬುದೂ ಗೊತ್ತಿಲ್ಲ.

ಈ ಎಐ ಸಾಫ್ಟ್‌ವೇರ್‌ಗಳು ಚುರುಕಾಗಿ ಓಡಲು ಗ್ರಾಫಿಕ್ಸ್ ಕಾರ್ಡ್ ಬೇಕು. ಸರ್ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಒಂದು ಚಿತ್ರ ತೊಳೆಯಲು ಹಾಕಿದರೆ ಊಟ ಮುಗಿಸಿ, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಬರಬಹುದು. ಪಟ್ಟಿ ಶೇ 97ಕ್ಕೆ ಬರುವುದಕ್ಕೂ ಕರೆಂಟು ಹೋಗುವುದಕ್ಕೂ ಏನೋ ಪೂರ್ವಜನ್ಮದ ಋಣಾನುಬಂಧ. ಹೆಂಡತಿ ಮೊರದಲ್ಲಿ ತೊಗರಿಬೇಳೆ ಹಿಡಿದು ಅಲ್ಲೇ ಕೂತಿರುತ್ತಾರೆ. “ನಾನೂ ಹರಳು ಆರಸ್ತೀನಿ. ಆದ್ರ ಮಧ್ಯಾಹ್ನಕ್ಕ ಬ್ಯಾಳಿ ಕುದಿಸಿ ನಿಮ್ಮ ಗಂಗಾಳಕ್ಕ ಹಾಕ್ತೀನಿ. ನಿಮ್ಮ ಬ್ಯಾಳಿ ಎಂದರ ಒಲಿ ಏರ್ಯದ?”

ಬೇಸಿಗೆ ಬಂತೆಂದರೆ ಕಥೆ ಬೇರೆ. ಸೆನ್ಸರ್ ಕಾದಷ್ಟೂ ಬೆಳಕೇ ಬೀಳದಿದ್ದರೂ ಅದರಲ್ಲಿ ಕಳ್ಳ ವಿದ್ಯುತ್ತು ಹುಟ್ಟುತ್ತದೆ. ಆರೆಂಟು ಡಿಗ್ರಿ ಏರಿದರೆ ಸುಮಾರು ಎರಡು ಪಟ್ಟು. ಇದು ವಿಜ್ಞಾನ. ನಮ್ಮಲ್ಲಿ ಮೇ ತಿಂಗಳು 42-43 ಡಿಗ್ರಿ. ಇದು ಹಣೆಬರಹ. ಖಗೋಳ ವಿಜ್ಞಾನಿಗಳು ಇದಕ್ಕೇ ತಮ್ಮ ಕ್ಯಾಮೆರಾ ತಣ್ಣಗಿಡುತ್ತಾರೆಂದು ಓದಿದ ಸರ್, ತಮ್ಮದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರು, ಮೊಸರಿನ ಪಕ್ಕ. ಹೊರಗೆ ತೆಗೆದ ಕ್ಷಣ ಲೆನ್ಸಿನ ಮೇಲೆಲ್ಲ ನೀರು. ಅವತ್ತಿನ ಚಿತ್ರದಲ್ಲಿ ಚುಕ್ಕಿ ಕಾಣಲಿಲ್ಲ, ಕೋಟೆಯೂ ಕಾಣಲಿಲ್ಲ.

ಇನ್ನೊಂದು ಉಪಾಯ ಶಾಸ್ತ್ರಸಮ್ಮತವಾದದ್ದು. ಒಂದೇ ದೃಶ್ಯವನ್ನು ಹದಿನಾರು ಸಲ ತೆಗೆದು ಸರಾಸರಿ ಮಾಡಿದರೆ ಚುಕ್ಕಿ ಕಾಲು ಭಾಗಕ್ಕಿಳಿಯುತ್ತದೆ. ಕೋಟೆ ಸಾವಿರ ವರ್ಷದಿಂದ ಅಲುಗಿಲ್ಲ, ಹಾಗಾಗಿ ಇದಕ್ಕೆ ಹೇಳಿ ಮಾಡಿಸಿದ ವಸ್ತು. ಆದರೆ ಕೋಟೆಯ ಮೇಲೆ ಆಡು ಇತ್ತು. ಸರಾಸರಿಯಲ್ಲಿ ಗೋಡೆ ಗಾಜಿನಷ್ಟು ನಯವಾಗಿ ಬಂತು, ಅದರ ಮೇಲೆ ಒಂದೇ ಆಡು ಹದಿನಾರು ಮಂದ ನೆರಳುಗಳಾಗಿ ಮೇಯುತ್ತಿತ್ತು. ಮಳಖೇಡದ ಕೋಟೆಯಲ್ಲಿ ದೆವ್ವವಿದೆ ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಚಿತ್ತಾಪುರದವರೆಗೆ ಹೋಗಿ ಬಂತು.

ಮಳಖೇಡದ ನೇಮಿನಾಥ ಬಸದಿಯಲ್ಲಿ ಪಂಚಲೋಹದ ಪುಟ್ಟ ಗುಡಿಯೊಂದಿದೆ, 96 ಬಿಂಬಗಳಿರುವಂಥದ್ದು. ಅದರ ಹಳೆಯ ಫೋಟೋ ಒಂದನ್ನು ಸರ್ ತೊಳೆದರು. ಸ್ಲೈಡರ್ 30ಕ್ಕೆ ಎಳೆದಾಗ ಚುಕ್ಕಿ ಹೋಯಿತು, 60ಕ್ಕೆ ಬಿಂಬಗಳ ಮೂಗು ಹೋಯಿತು. ಇನ್ನೊಂದು ಸಾಫ್ಟ್‌ವೇರ್ ಉದಾರಿ: ಕಳೆದ ಮೂಗನ್ನು ತಾನೇ ಊಹಿಸಿ ಕೆತ್ತಿಕೊಟ್ಟಿತು. ಅದು ಕಲಿತ ಲಕ್ಷಾಂತರ ಚಿತ್ರಗಳಲ್ಲಿ ರಾಷ್ಟ್ರಕೂಟರ ಮೂಗು ಎಷ್ಟಿದ್ದವೋ! ಸರ್‌ಗೆ ಸಂತೋಷವಾಯಿತು, “ಶಾರ್ಪ್ ಅದ” ಎಂದರು.

ಕಾಗಿಣಾ ತುಂಬಿ ಮಳಖೇಡದ ಸೇತುವೆ ಮುಳುಗಿ, ಕಲಬುರಗಿ–ಸೇಡಂ ದಾರಿ ಬಂದಾದ ಒಂದು ಮಳೆಗಾಲದಲ್ಲಿ ಪತ್ರಿಕೆಯ ವರದಿಗಾರನೊಬ್ಬ ಓಡಿಬಂದು, ಸರ್ ಒಂದು ಫೋಟೋ ಕೊಡ್ರಿ ಎಂದ. ಮೋಡದ ಬೆಳಕು, ಐಎಸ್‌ಒ 3200. ಸರ್ ನಾಲ್ಕು ಸಾಫ್ಟ್‌ವೇರ್‌ಗಳಲ್ಲಿ ತೊಳೆದು ಅಕ್ಕಪಕ್ಕ ಇಟ್ಟು ಕೂತರು. ನೀರಿನ ಮೇಲಿನ ನೊರೆ ಎರಡರಲ್ಲಿ ಚಲೋ, ಸೇತುವೆಯ ಕಂಬಿ ಒಂದರಲ್ಲಿ ಚಲೋ. ನಿರ್ಧಾರ ಆಗುವಷ್ಟರಲ್ಲಿ ಹೊಳೆ ಇಳಿದು ಬಸ್ಸು ಓಡುತ್ತಿದ್ದವು. ಪತ್ರಿಕೆಯಲ್ಲಿ ಬಂದದ್ದು ಟ್ರ್ಯಾಕ್ಟರ್‌ನವನೊಬ್ಬ ಮೊಬೈಲಿನಲ್ಲಿ ಹೊಡೆದದ್ದು. ಸರ್ ಅದನ್ನೂ ಭೂತಗನ್ನಡಿ ಹಿಡಿದು ನೋಡಿ, “ಬರೇ ಚುಕ್ಕಿ!” ಎಂದು ನಿಟ್ಟುಸಿರುಬಿಟ್ಟರು. ಪತ್ರಿಕೆಯ ಚಿತ್ರ ಅಚ್ಚಾಗುವುದೇ ಚುಕ್ಕಿಗಳಿಂದ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ನನಗನ್ನಿಸುವುದು, ಇದೆಲ್ಲ ಆ ಮಣ್ಣಿನ ಗುಣ. ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಮೊದಲ ಪರಿಚ್ಛೇದವೇ ದೋಷಾದೋಷಗಳದ್ದು. ದೋಷ ಹುಡುಕುವ ವಿದ್ಯೆಗೆ ಮಳಖೇಡವೆಂಬ ಮಾನ್ಯಖೇಟದಲ್ಲಿ ಸುಮಾರು 1,200 ವರ್ಷದ ಪರಂಪರೆಯಿದೆ. ವ್ಯತ್ಯಾಸ ಇಷ್ಟೆ: ಕವಿರಾಜಮಾರ್ಗ ಎರಡು, ಮೂರನೆಯ ಪರಿಚ್ಛೇದಗಳಲ್ಲಿ ಅಲಂಕಾರಕ್ಕೆ ಹೋಯಿತು, ಚುಕ್ಕಿ ಸರ್ ಇನ್ನೂ ಮೊದಲನೆಯದರಲ್ಲೇ ಇದ್ದಾರೆ.

ಅವರ ಕೈಯಿಂದ ಪೂರ್ತಿಯಾಗಿ ಮುಗಿದು ಹೊರಬಂದ ಚಿತ್ರ, ನನಗೆ ತಿಳಿದಂತೆ, ಒಂದೇ. ಓಣಿಯ ಮುದುಕಿಯೊಬ್ಬಳು ತೀರಿಹೋದ ಗಂಡನ ಫೋಟೋ ದೊಡ್ಡದು ಮಾಡಿಸಿ ಹಾರ ಹಾಕಬೇಕೆಂದು ಮೊಮ್ಮಗನ ಮೊಬೈಲು ಹಿಡಿದು ಬಂದಳು. ದೀಪದ ಬೆಳಕಲ್ಲಿ ತೆಗೆದ ಚಿತ್ರ. ಸರ್‌ಗೆ ಇದಕ್ಕಿಂತ ಹಬ್ಬ ಇನ್ನೇನು? ವಾರಗಟ್ಟಲೆ ದುಡಿದರು, ದುಡ್ಡನ್ನೂ ಮುಟ್ಟಲಿಲ್ಲ. ಚೌಕಟ್ಟು ಹಾಕಿಸಿ ತಾವೇ ಮನೆಗೆ ಒಯ್ದು ಕೊಟ್ಟರು. ಮುದುಕಿ ಸೆರಗಿನಿಂದ ಗಾಜು ಒರೆಸಿದಳು, ಬೆಳಕಿಗೆ ಹಿಡಿದಳು, ಮತ್ತೆ ಒರೆಸಿದಳು.

“ಚಂದ ಆಗ್ಯದ್ರಿ ಸರ. ಯಾರಿವರು?”

“ನಿಮ್ಮ ಯಜಮಾನ್ರೇ ಅಲ್ರೀ!”

“ನಮ್ಮವರ ಮಾರಿ ಮ್ಯಾಗ ಸಿಡುಬಿನ ಕಲಿ ಇದ್ದುವು. ಮದಿವಿ ದಿನ ನಾ ಮೊದಲು ನೋಡಿದ್ದೇ ಅವು. ಎಲ್ಲಿ ಹೋದುವು?”

ಸರ್ ಉತ್ತರ ಹೇಳಲಿಲ್ಲ. ಮುದುಕಿ ಮೊಮ್ಮಗನನ್ನು ಕಳಿಸಿ, ಬಸ್ ನಿಲ್ದಾಣದ ಬಾಜೂಕಿನ ಝೆರಾಕ್ಸ್ ಅಂಗಡಿಯಲ್ಲಿ ಅದೇ ಮೊಬೈಲ್ ಚಿತ್ರವನ್ನು ಇದ್ದದ್ದು ಇದ್ದಂತೆ ತೆಗೆಸಿ ಗೋಡೆಗೆ ಹಾಕಿದಳು. ಕಲೆ ಯಾವುದು ಚುಕ್ಕಿ ಯಾವುದು ಅದರಲ್ಲಿ ಬೇರೆ ಮಾಡಲಾಗುವುದಿಲ್ಲ, ಆಕೆಗೆ ಬೇಕಾಗಿಯೂ ಇಲ್ಲ.

ಇದಾದ ಮೇಲೆ ಸರ್ ಬದಲಾದರು ಎಂದು ಊರವರು ಹೇಳುತ್ತಾರೆ. ಮೊನ್ನೆ ಸೇಡಂ ಬಸ್ಸಿನಲ್ಲಿ ಸಿಕ್ಕಾಗ ಯಾವ ಸಾಫ್ಟ್‌ವೇರ್ ನಡೀಲತದ ಎಂದು ಕೇಳಿದೆ. ಅತ್ತಿತ್ತ ನೋಡಿ, ಕಿವಿಯ ಹತ್ತಿರ ಬಂದರು.

“ಚುಕ್ಕಿ ತೆಗೆಯೋದು ಬಿಟ್ಟೀನ್ರಿ. ಈಗ ಚುಕ್ಕಿ ಹಾಕೋ ಸಾಫ್ಟ್‌ವೇರ್ ನೋಡ್ಲತೀನಿ. ಹಳೀ ರೀಲಿನ ಗ್ರೇನ್ ಹಂಗೇ ಹಾಕ್ತಾವ. ನಾಕು ಟ್ರಯಲ್ ಇಳಿಸೀನಿ. ಕೊಡಾಕ್ ಟ್ರೈ-ಎಕ್ಸ್ ಚುಕ್ಕಿ ಒಂದರಾಗ ಚಲೋ ಅದ, ಇಲ್ಫೋರ್ಡ್ ಚುಕ್ಕಿ ಇನ್ನೊಂದರಾಗ. ನಿಮ್ಮದೊಂದು ಇಮೇಲ್ ಐಡಿ ಕೊಡ್ರಿ.”