ಡೇರಿಗೆ ಹೊತ್ತಾತು
ಹಿತ್ತಲ ಬೇಲಿಗೆ ಸೀರೆ ಹರವುತ್ತಿದ್ದೆ. ಹಾಲಿನ ಕ್ಯಾನು ಹಿಡಿದು ಹೊರಟಿದ್ದ ಆಚೆಮನಿ ವೈನಿ ನಿಂತರು. "ಮಳಿಗಾಲದ ಹಸಿಹುಲ್ಲು ತಿಂದು ತಿಂದು ಫ್ಯಾಟು ಇಳಿದಿತ್ರಿ. ನಿನ್ನಿ ಬಣವಿ ಹಿರಿದು ಭತ್ತದ ಹುಲ್ಲು ಹಾಕೀನಿ, ಇವತ್ತು ನೋಡ್ಬೇಕು."

ಹಾನಗಲ್ ಸೀಮೆಯ ನಮ್ಮ ಓಣಿಯಲ್ಲಿ ಹಿಂದೆ ಇಂಥ ಮಾತೇ ಇರಲಿಲ್ಲ. ಗಂಡಸರು ಹಾಲನ್ನು ಚಾದಂಗಡಿಗೆ ಹಾಕಿ ಬರುತ್ತಿದ್ದರು. ಅಳತೆ ಅಂಗಡಿಯವನ ತಂಬಿಗೆಯದು, ಲೆಕ್ಕ ಅವನ ವಹಿಯದು. ನಮ್ಮ ಮನೆಗೆ ಒಮ್ಮೆ ಎರಡು ತಿಂಗಳ ದುಡ್ಡು ಬರಲೇ ಇಲ್ಲ. ಈಗ ಹಾಲು ಉತ್ಪಾದಕರ ಸಂಘದ ಯಂತ್ರ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ತೋರಿಸುತ್ತದೆ, ಬಟವಾಡೆ ಖಾತೆಗೇ ಬೀಳುತ್ತದೆ. ಸರಕಾರದ ಪ್ರೋತ್ಸಾಹಧನ ಬೇರೆ.

ಹಾಲಿಗಿಂತ ಅದರ ಬೆನ್ನಿಗೆ ಬಂದದ್ದೇ ನನಗೆ ದೊಡ್ಡದು. ಖಾತೆ ಬೇಕು ಅಂದದ್ದಕ್ಕೇ ವೈನಿ ಮೊದಲ ಸಲ ಬ್ಯಾಂಕಿನ ಮೆಟ್ಟಿಲು ಹತ್ತಿದರು, ಪಾಸ್‌ಬುಕ್ಕಿನಲ್ಲಿ ತಮ್ಮ ಹೆಸರು ಬೆರಳಿಟ್ಟು ಓದಿದರು. ಆಕಳು ಬೆದೆಗೆ ಬಂದರೆ ಮೊದಲು ಹೋರಿ ಹುಡುಕಿಕೊಂಡು ಊರೂರು ಅಲೆಯಬೇಕಿತ್ತು. ಈಗ ಫೋನು ಮಾಡಿದರೆ ಸೂಜಿ ಹಾಕುವವರೇ ಕೊಟ್ಟಿಗೆಗೆ ಬರುತ್ತಾರೆ. ಹಿಂಡಿ ಚೀಲವೂ ಸಂಘದಲ್ಲೇ ಸಿಗುತ್ತದೆ, ಬಟವಾಡೆಯಲ್ಲಿ ಮುರಿದುಕೊಳ್ಳುತ್ತಾರೆ.

"ಇಂಥ ಸಂಘದ ಬೇರು ನಮ್ಮ ಕಡೀದೇ ವೈನಿ" ಅಂದೆ. "1905ರಾಗ ಗದಗ ಕಡೀ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗೆ ಸಾಲ ಕೊಡೋ ಸಹಕಾರಿ ಸಂಘ ಕಟ್ಟಿದ್ರು. ಆಗ ಗದಗೂ ಹಾನಗಲ್ಲೂ ಒಂದೇ ಧಾರವಾಡ ಜಿಲ್ಲಾ. 1997ಕ್ಕ ಹಾವೇರಿ ಜಿಲ್ಲಾ ಆದ್ರೂ ಹಾಲಿನ ಒಕ್ಕೂಟ ಧಾರವಾಡದ ಜೋಡಿನೇ ಇತ್ತು. 2022ಕ್ಕ ಹಾವೇರಿದು ಬ್ಯಾರೆ ಆತು."

"ಬ್ಯಾರೆ ಆಗಿ ನಮ್ಮ ಹಿಂಡಿ ರೇಟು ಇಳೀತೇನ್ರಿ?"

ಕೇಳಬೇಕಾದ್ದೇ ಅದು. ಒಕ್ಕೂಟದ ಕಚೇರಿ ಹತ್ತಿರ ಬಂದರೆ ಸಾಲದು, ಅಲ್ಲಿಗೆ ನಮ್ಮ ಮಾತು ಮುಟ್ಟಬೇಕು. ಸಂಘದವರು ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕರೆಯುತ್ತಾರೆ. ಹಾಲು ಹಿಂಡುವ ನಾವು ಹೆಂಗಸರು ಹಿಂದಿನ ಸಾಲಿನಲ್ಲಿ ಕೂತು, ಸಹಿ ಹಾಕಿ, ಚಾ ಕುಡಿದು ಎದ್ದು ಬರುತ್ತೇವೆ. ಹೋದ ವರ್ಷ ನಾನೂ ಹಾಗೇ ಬಂದೆ. ಅದು ಇನ್ನೂ ಮನಸ್ಸಿಗೆ ಚುಚ್ಚುತ್ತದೆ.

"ಈ ಸಲ ನಾ ಕೇಳಾಕಿನ" ಅಂದರು ವೈನಿ, ಸೆರಗು ಸೊಂಟಕ್ಕೆ ಸಿಗಿಸುತ್ತ. "ನೀವು ಬಾಜೂಕ ಕುಂಡ್ರಿ ಮತ್ತ. ಮುಂದಿನ ಸಾಲಿನಾಗ."

ಡೇರಿ ಬಾಗಿಲು ಹಾಕುವ ಹೊತ್ತಾಗಿತ್ತು. ಕ್ಯಾನಿನ ಮುಚ್ಚಳ ಒತ್ತಿಕೊಂಡು ಬಿರಬಿರನೆ ನಡೆದರು.