ಉಳುವವನೇ ಕುಂಡದೊಡೆಯ

ಮಾಸ್ತರಿಕೆಯವರ ಬೇಸಿಗೆ ರಜೆಯ ಮೇಲೆ ಊರಿನವರಿಗೆಲ್ಲ ಕಣ್ಣು. ಬ್ಯಾಂಕಿನವರು, ಬಸ್ ಕಂಡಕ್ಟರು, ಕೊನೆಗೆ ಹಾಲಿನವನು ಕೂಡ "ನಿಮಗೇನ್ರೀ ಅಕ್ಕೋರ, ಏಪ್ರಿಲ್ ಬಂತಂದ್ರ ಕುಂತಲ್ಲೇ ಪಗಾರ" ಎಂದು ಹಂಗಿಸುತ್ತಾರೆ. ಹಂಗಿಸಲಿ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಪಾಠವಿಲ್ಲ, ಪೇಪರ್ ತಿದ್ದುವುದಿಲ್ಲ, ಬಿಸಿಯೂಟದ ಲೆಕ್ಕ ಬರೆಯುವುದಿಲ್ಲ. ಇಷ್ಟೆಲ್ಲ ಹೊತ್ತು ಬರಿದೇ ಬಿದ್ದಿರುವಾಗ ಯೋಜನೆ ಹಾಕದೆ ಇರಲು ನಾನೇನು ಸನ್ಯಾಸಿನಿಯೇ? ತಾರಸಿಯ ಮೇಲೆ ತೋಟ, ಅತ್ತೆಯವರ ಜೊತೆ ಕೂತು ಒಂದು ಕೌದಿ, ಟೊರಾಂಟೋದಲ್ಲಿರುವ ಅಕ್ಕನ ಮಗಳ ಕೂಸಿಗೆ ಒಂದು ಸ್ವೆಟರು. ಯೋಜನೆ ಹಾಕುವುದರಲ್ಲಿ ನಾನು ಯಾವ ಸರ್ಕಾರಕ್ಕೂ ಕಡಿಮೆಯಿಲ್ಲ. ಉದ್ಘಾಟನೆ ಸಕಾಲಕ್ಕೆ ಆಗುತ್ತದೆ, ಗಂಡನ ಕಿಸೆಯಿಂದ ಅನುದಾನವೂ ಬಿಡುಗಡೆಯಾಗುತ್ತದೆ. ಆದರೆ ಫಲಾನುಭವಿಗಳ ಪಟ್ಟಿ ತೆಗೆದು ನೋಡಿದರೆ ಅದರಲ್ಲಿ ಇರುವುದು ಒಂದೇ ಹೆಸರು. ಅದು ನನ್ನದಲ್ಲ.

ಅದು ದೇಸಾಯಿಯದು. ದೇಸಾಯಿ ಅಂದರೆ ನಮ್ಮ ಮನೆಯ ಬೆಕ್ಕು. ಮೈತುಂಬ ಬೂದು ಪಟ್ಟೆ, ಎದೆಯ ಮೇಲೆ ಮಾತ್ರ ಮಡಿ ಅಂಗಿ ತೊಟ್ಟಂತೆ ಬಿಳುಪು. ಹೆಸರಿಟ್ಟವರು ನಮ್ಮ ಮಾವನವರು. ಕಂದಾಯ ಇಲಾಖೆಯಲ್ಲಿ ಸರ್ಕಲ್ ಇನ್‌ಸ್ಪೆಕ್ಟರರಾಗಿ ನಿವೃತ್ತರಾದವರು. ಆ ಕಣ್ಣಿನಿಂದಲೇ ಜಗತ್ತನ್ನು ನೋಡುತ್ತಾರೆ. "ದುಡಿಯೂದಿಲ್ಲ, ಕರದ್ರ ಬರೂದಿಲ್ಲ, ಊಟದ ಹೊತ್ತಿಗೆ ಮಾತ್ರ ತಪ್ಪೂದಿಲ್ಲ. ದೇಸಗತಿ ಮನಿತನ ಐತಿ ಇದು" ಎಂದು ಅವರು ತೀರ್ಪು ಕೊಟ್ಟ ಮೇಲೆ ಬೇರೆ ಹೆಸರು ಅಂಟಲಿಲ್ಲ. ಇದರಿಂದ ತೊಂದರೆ ಇಲ್ಲವೆಂದಲ್ಲ. ನಮ್ಮ ಶಾಲೆಯ ಗಣಿತದ ಮಾಸ್ತರರ ಅಡ್ಡಹೆಸರೂ ಅದೇ. ಒಮ್ಮೆ ಅವರು ಮನೆಗೆ ಬಂದು ಕಟ್ಟೆಯ ಮೇಲೆ ಕೂತಿದ್ದಾಗ ಒಳಗಿನಿಂದ ಅತ್ತೆ, "ದೇಸಾಯಿ ಮತ್ತ ಹಾಲಿನ ಪಾತೇಲಿಗೆ ಬಾಯಿ ಹಾಕ್ಯಾನ, ಎರಡು ಕೊಟ್ಟು ಹೊರಗ ಹಾಕು" ಎಂದು ಕೂಗಿದರು. ಮಾಸ್ತರರು ಚಹಾ ಕುಡಿಯದೆ ಎದ್ದರು. ಈಗಲೂ ಸ್ಟಾಫ್ ರೂಮಿನಲ್ಲಿ ನನ್ನನ್ನು ಸ್ವಲ್ಪ ದೂರವೇ ಇಟ್ಟಿದ್ದಾರೆ.

ತೋಟದ ಕಥೆ ಮೊದಲು. ಧಾರವಾಡದ ಬಿಸಿಲು ಕಲಬುರ್ಗಿಯ ಬಿಸಿಲಿನ ಮುಂದೆ ಕೂಸು, ನಿಜ. ಅಲ್ಲಿ 42 ಡಿಗ್ರಿ ದಾಟಿದಾಗ ನಮ್ಮಲ್ಲಿ 37, ಹೆಚ್ಚೆಂದರೆ 38. ಆದರೆ ಟೊಮೆಟೊ ಗಿಡಕ್ಕೆ ಈ ತಾರತಮ್ಯ ತಿಳಿಯುವುದಿಲ್ಲ. ಹಗಲು 35 ದಾಟಿ ರಾತ್ರಿಯೂ ತಂಪಾಗದಿದ್ದರೆ ಅದರ ಪರಾಗಕ್ಕೆ ಸತ್ವ ಉಳಿಯುವುದಿಲ್ಲ, ಕಾಯಿ ಕಚ್ಚುವ ಮೊದಲೇ ಹೂವು ಉದುರುತ್ತದೆ. ಕೊತ್ತಂಬರಿಯದು ಇನ್ನೊಂದು ಬಗೆ: ಬಿಸಿಲು ತಾಗಿದರೆ ಸೊಪ್ಪು ಬಿಡುವ ಗೋಜಿಗೆ ಹೋಗದೆ ಸೀದಾ ಹೂವಿಗೆ ಬರುತ್ತದೆ. ಕೃಷಿ ವಿಶ್ವವಿದ್ಯಾಲಯವನ್ನು ಊರಲ್ಲೇ ಇಟ್ಟುಕೊಂಡು, ಪ್ರತಿ ಕೃಷಿ ಮೇಳದಲ್ಲೂ ಚೀಲಗಟ್ಟಲೆ ಕರಪತ್ರ ಹೊತ್ತು ತಂದು, ಅವನ್ನೆಲ್ಲ ಹಪ್ಪಳದ ಡಬ್ಬಿಯ ತಳಕ್ಕೆ ಹಾಸಿದವಳು ನಾನು. ಹೀಗಾಗಿ ಎರಡನ್ನೂ ಏಪ್ರಿಲ್‌ನಲ್ಲೇ ಹಾಕಿದೆ. ಜೊತೆಗೆ ಮೆಂತ್ಯ, ಒಂದು ಮಲ್ಲಿಗೆ ಬಳ್ಳಿ.

ಮಣ್ಣು, ಗೊಬ್ಬರ, ಮರಳು ಕಲಸಿ, ಹೆಂಟೆ ಒಡೆದು, ಜರಡಿ ಹಿಡಿದು, ಹಿಟ್ಟಿನ ಹಾಗೆ ಮಾಡಿ ಕುಂಡ ತುಂಬಿಸಿದೆ. ಮೆಂತ್ಯ ಚೆಲ್ಲಿದೆ. ಕೈ ತೊಳೆದು ಬರುವಷ್ಟರಲ್ಲಿ ದೇಸಾಯಿ ಕುಂಡದಲ್ಲಿದ್ದ. ಮುಂಗಾಲಿನಿಂದ ಒಂದು ಮೂಲೆಯನ್ನು ಕೆದರಿದ, ಮೂಸಿದ, ಪಸಂದಾಗಲಿಲ್ಲ. ಇನ್ನೊಂದು ಮೂಲೆ ಕೆದರಿದ. ಆಮೇಲೆ ಬೆನ್ನು ಬಾಗಿಸಿ, ಬಾಲ ಎತ್ತಿ, ದೂರದ ನುಗ್ಗೆ ಮರದ ಕಡೆ ನೋಡುತ್ತ, ತತ್ವಜ್ಞಾನಿಯ ಮುಖ ಮಾಡಿ ಕೂತ. ಕೆಲಸ ಮುಗಿದ ಮೇಲೆ ಮಣ್ಣು ಎಳೆದು ಮುಚ್ಚಿದ್ದು ಮಾತ್ರ ನಾನು ಬೀಜ ಮುಚ್ಚಿದ್ದಕ್ಕಿಂತ ಅಚ್ಚುಕಟ್ಟು. ಸಾಕುಬೆಕ್ಕುಗಳ ಮೂಲ ಪುರುಷರು ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾದ ಒಣ ನೆಲದ ಕಾಡುಬೆಕ್ಕುಗಳಂತೆ. ಸಡಿಲವಾದ ಒಣ ಮಣ್ಣು ಕಂಡರೆ ಅವಕ್ಕೆ ತವರು ನೆನಪಾಗುತ್ತದೆ. ಅಂದರೆ ನಾನು ಜರಡಿ ಹಿಡಿದು ಸಿದ್ಧಪಡಿಸಿದ್ದು ತೋಟವಲ್ಲ, ಶೌಚಾಲಯ. ಅದಕ್ಕಾದರೆ ಸರ್ಕಾರದಿಂದ ಸಹಾಯಧನವಾದರೂ ಸಿಗುತ್ತಿತ್ತು.

ಮಾವನವರಿಗೆ ದೂರು ಕೊಟ್ಟೆ. ಪೇಪರಿನಿಂದ ತಲೆ ಎತ್ತದೆ ಕೇಳಿದರು:

"ಮಣ್ಣು ಯಾರು ಉತ್ತಾರ?"

"ಅಂವನ ಕೆದರಿದ್ದು, ಮಾವಾರ."

"ಮತ್ತ ಗೊಬ್ಬರ ಹಾಕಿದವ್ರು?"

ಇದಕ್ಕೂ ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ.

"ಹಂಗಾರ ಕುಂಡ ಅವಂದು. 1974ರ ಕಾಯ್ದೆ. ದೇವರಾಜ ಅರಸರು ಮಾಡಿದ್ದು. ಉಳುವವನೇ ಒಡೆಯ. ಫಾರ್ಮ್ ನಂಬರ್ 7 ತುಂಬಿಕೊಡ್ತೀನಿ, ಹೆಬ್ಬೆಟ್ಟು ಒತ್ತಿಸಿಕೊಂಡು ಬಾ."

ಆ ಕಾಯ್ದೆಯಲ್ಲಿ ಎಷ್ಟೋ ದೇಸಗತಿ ಮನೆಗಳವರು ಹೊಲ ಕಳೆದುಕೊಂಡರು. ಅದೇ ಕಾಯ್ದೆಯಲ್ಲಿ ಹೊಲ ಗಳಿಸಿದ ದೇಸಾಯಿ ಇಡೀ ಜಿಲ್ಲೆಯಲ್ಲಿ ನಮ್ಮವನೊಬ್ಬನೇ ಇರಬೇಕು.

ಮೇಲ್ಮನವಿಗೆ ಹೋದೆ. ಕುಂಡದ ಬಾಯಿಗೆ ತೆಂಗಿನ ಕರಟದ ಚೂರು ಹಾಸಿದೆ, ಕಿತ್ತಳೆ ಸಿಪ್ಪೆ ಇಟ್ಟೆ, ಬಾರಿ ಮುಳ್ಳು ಚುಚ್ಚಿದೆ. ಮುಳ್ಳು ನನ್ನ ಕೈಗೆ ಮಾತ್ರ ನಟ್ಟಿತು. ನಮ್ಮ ಬಡಾವಣೆಗೆ ನಳದ ನೀರು ದಿನಾ ಬರುವುದಿಲ್ಲ; ಬಂದ ದಿನ ಮನೆಮಂದಿಯೆಲ್ಲ ಹಬ್ಬದಂತೆ ಓಡಾಡುತ್ತೇವೆ. ಆ ನೀರನ್ನು, ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು ಸೇರಿಸಿ ಉಳಿಸಿ, ಸಂಜೆ ಮೇಲೆ ಹೊತ್ತೊಯ್ದು ಸುರಿದರೆ, ಒದ್ದೆ ಮಣ್ಣು ದೇಸಾಯಿಗೆ ಸೇರುವುದಿಲ್ಲ. ಹೀಗೆ ನೀರು ಕುಡಿಸಿದ ಒಂದು ಕುಂಡವಷ್ಟೇ ನನ್ನ ಸ್ವಾಧೀನದಲ್ಲಿ ಉಳಿಯಿತು. ಅದರಲ್ಲಿ ಮಲ್ಲಿಗೆ ಇದೆ. ಮಲ್ಲಿಗೆಗೆ ಬಿಸಿಲೆಂದರೆ ಪ್ರಾಣ. ನೀರು ಹಾಕಿದ್ದು ಬಿಟ್ಟರೆ ನಾನು ಬೇರೇನೂ ಮಾಡದಿದ್ದರೂ ಅದು ಹೂ ಬಿಟ್ಟಿತು, ಅಥವಾ ಬೇರೇನೂ ಮಾಡಲಿಲ್ಲವೆಂದೇ ಬಿಟ್ಟಿತು.

ಕೌದಿಯ ವಿಷಯಕ್ಕೆ ಬಂದರೆ ಅಲ್ಲಿ ನಾನು ಕೂಲಿ ಮಾತ್ರ, ಒಡೆತನ ಅತ್ತೆಯವರದು. ಅವರ ತವರು ಹಳಿಯಾಳದ ಕಡೆ. ಅಲ್ಲಿನ ಸಿದ್ದಿ ಹೆಣ್ಣುಮಕ್ಕಳು ಕೌದಿ ಹೊಲಿಯುವುದನ್ನು ನೋಡುತ್ತ ಬೆಳೆದವರು. ನಾಲ್ಕೂ ಮೂಲೆಗೆ ಮೂರು ಮೂಲೆಯ ಬಟ್ಟೆ ಮಡಚಿ 'ಫೂಲ' ಇಡದಿದ್ದರೆ ಸಿದ್ದಿಗಳಲ್ಲಿ ಆ ಕೌದಿ ಬೆತ್ತಲೆಯಂತೆ. ಅತ್ತೆಯೂ ಮೂಲೆಗೆ ಹೂವು ಇಡದೆ ಕೌದಿ ಮುಗಿಸುವವರಲ್ಲ. ಒಳಗೆ ಹಾಕಲು ಮೆತ್ತಗಾದ ಹತ್ತಿ ಸೀರೆ, ಮಾವನವರ ಹಳೇ ಧೋತರ. ಮೇಲೆ ಇಳಕಲ್ ಸೀರೆಯ ತುಂಡು, ಖಣದ ಚೂರು. ನನ್ನ ಕಾಣಿಕೆಯಾಗಿ ಶಾಲೆಯ ಗ್ಯಾದರಿಂಗಿಗೆ ಉಟ್ಟ ಹೊಳೆಯುವ ಪಾಲಿಯೆಸ್ಟರ್ ಸೀರೆ ಕೊಟ್ಟೆ. ಅತ್ತೆ ಎರಡು ಬೆರಳಿನಲ್ಲಿ ಹಿಡಿದು ನೋಡಿದರು. "ಇದು ಬೆವರು ಹೀರೂದಿಲ್ಲ, ಸೂಜಿ ಹಿಡಿಯೂದಿಲ್ಲ. ಬಾಗಲಿಗೆ ಪರದೆ ಮಾಡವಾ." ಆದರೂ ನನ್ನ ಮನಸ್ಸು ನೋಯಬಾರದೆಂದು ಒಂದು ತುಂಡು ಸೇರಿಸಿಕೊಂಡರು.

ಕೌದಿ ಹೊಲಿಯುವುದು ಅಂಚಿನಿಂದ. ಸುತ್ತಲೂ ಓಟದ ಹೊಲಿಗೆ ಹಾಕುತ್ತ, ಸುತ್ತಿನೊಳಗೆ ಸುತ್ತು, ನಡುವಿಗೆ ಬಂದು ಮುಗಿಸಬೇಕು. ಪಡಸಾಲೆಯಲ್ಲಿ ಸೀರೆಗಳನ್ನು ಹಾಸಿ ಸುಕ್ಕು ತೆಗೆದು ನಾವಿಬ್ಬರೂ ಎದುರುಬದುರು ಕೂತೆವು. ದೇಸಾಯಿ ಬಂದ. ಅಂಚಿನ ಮೇಲೆ ನಡೆದು ಪರಿಶೀಲಿಸಿದ. ಸರಿಯಾಗಿ ನಟ್ಟನಡುವೆ ಹೋಗಿ, ಮೂರು ಸುತ್ತು ತಿರುಗಿ, ಮುದುಡಿ ಮಲಗಿದ. "ಮಲಗಲಿ ಬಿಡವಾ, ನಡುವಿಗೆ ಬರೂದ್ರಾಗ ಏಳ್ತಾನ" ಎಂದರು ಅತ್ತೆ. ಬೆಕ್ಕು ದಿನಕ್ಕೆ 12ರಿಂದ 16 ತಾಸು ನಿದ್ದೆ ಮಾಡುತ್ತದೆ ಎಂಬುದು ಅತ್ತೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಹೇಳಲಿಲ್ಲ. ಸುಮ್ಮನೆ ಕೂಡಲು ಒಂದು ಕಾರಣ ಸಿಗುತ್ತಿದ್ದರೆ ಅದನ್ನು ಕೆಡಿಸುವುದೇಕೆ?

ದಿನಾ ಮಧ್ಯಾಹ್ನ ಊಟವಾದ ಮೇಲೆ ಇದೇ ನಡೆಯಿತು. ನಾವು ಹೊರಗಿನಿಂದ ಒತ್ತುವರಿ ಮಾಡುತ್ತ ಹೋದೆವು, ದೇಸಾಯಿ ನಡುವಿನ ಗಾಂವಠಾಣ ಬಿಟ್ಟು ಕದಲಲಿಲ್ಲ. ಅತ್ತೆಯವರ ಹೊಲಿಗೆ ಅಕ್ಕಿಕಾಳಿನಷ್ಟು, ಎಲ್ಲವೂ ಒಂದೇ ಅಳತೆ. ನನ್ನದು ಹೊರಡುವಾಗ ಅಕ್ಕಿಕಾಳು. ಧಾರಾವಾಹಿಯ ಹೊತ್ತಿಗೆ ಅವರೆಕಾಳು. ನಿದ್ದೆ ಬಂದಾಗ ಬದನೆಕಾಯಿ. "ನಿನ್ನ ಹೊಲಿಗ್ಯಾಗ ಬೆಕ್ಕಿನ ಉಗುರು ಸಿಗತೈತಿ" ಎಂದು ಅತ್ತೆ ಎಚ್ಚರಿಸಿದರು. ಸಿಕ್ಕಿತು. ಅವನು ಗಾಬರಿಯಾಗಿ ಕೌದಿಯನ್ನೇ ಎಳೆದುಕೊಂಡು ದೇವರ ಮನೆಯವರೆಗೆ ಓಡಿದ. ಹಿಂದೆ ನಾನು, ನನ್ನ ಹಿಂದೆ ಅತ್ತೆ, "ಮಡಿ, ಮಡಿ" ಎನ್ನುತ್ತ. ಕತ್ತರಿಯಿಂದ ನನ್ನ ಒಂದು ಸಾಲು ಹೊಲಿಗೆ ಬಿಚ್ಚಿ ಅವನನ್ನು ಬಿಡಿಸಬೇಕಾಯಿತು. ಅವನು ಮತ್ತೆ ಹೋಗಿ ನಡುವೆಯೇ ಮಲಗಿದ.

ಕೊನೆಯ ತುಂಡು ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ತಿನಿಸು ಇಡುವುದು ಅತ್ತೆಯ ಮನೆಯ ಪದ್ಧತಿ. ಕೌದಿಯ ಹೊಟ್ಟೆ ಹಸಿದಿರಬಾರದಂತೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲವಂತೆ. ಮೊದಲು ಹೋಳಿಗೆಯ ಚೂರು ಇಟ್ಟರು. ದೇಸಾಯಿ ಒಂದು ಕಣ್ಣು ತೆರೆದು ನೋಡಿ ಮುಚ್ಚಿದ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ಸಿಹಿ ಅರಿಯುವ ಒಂದು ಜೀನ್ ಇಡೀ ಬೆಕ್ಕಿನ ಕುಲದಲ್ಲೇ ಕೆಟ್ಟು ಕೂತಿದೆ ಎಂದು 2005ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಹೋಳಿಗೆಗೆ ಇರುವೆ ಮುತ್ತುತ್ತವೆಂದು ಅತ್ತೆ ಅದನ್ನು ತೆಗೆದು ಕಟಿರೊಟ್ಟಿಯ ಚೂರಿಗೆ ಬೆರಳ ತುದಿಯ ತುಪ್ಪ ಸವರಿ ಇಟ್ಟರು. ತುಪ್ಪದ ಜೀನ್ ಮಾತ್ರ ಸರಿಯಾಗಿತ್ತು. ದಾರ ಪೋಣಿಸಿಕೊಳ್ಳುವಷ್ಟರಲ್ಲಿ ಕೌದಿಯ ಹೊಟ್ಟೆಗೆ ಹೋಗಬೇಕಾದದ್ದು ಬೇರೆ ಹೊಟ್ಟೆಗೆ ಹೋಗಿತ್ತು. ಅತ್ತೆ ಇನ್ನೊಂದು ಚೂರು ಇಟ್ಟರು. ಅದೂ ಹೋಯಿತು. "ಇರಲಿ ಬಿಡು, ಕೌದಿ ಉಂಡಂಗ" ಎಂದು ಅವರು ಸೂಜಿ ಕೆಳಗಿಟ್ಟರು. ನಡುವಿನ ಗೇಣಗಲದ ಜಾಗ ಇನ್ನೂ ಹೊಲಿಯದೆ ಹಾಗೇ ಉಳಿದಿದೆ, ನಿದ್ದೆ ಹೋದ ಬೆಕ್ಕಿನದೇ ಆಕಾರದಲ್ಲಿ.

ಈ ನಡುವೆ ತಾರಸಿಯ ಮೇಲೆ ಹಾಕಿದ ಹಸಿ ಸಂಡಿಗೆಯ ಮೇಲೆ ಅವನು ಗಸ್ತು ತಿರುಗಿದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಬೀಗರು ಅವನ್ನು ತಿಂದಾಗಿದೆ, ಹೂವಿನ ಅಚ್ಚು ಎಲ್ಲಿ ಕೊಂಡಿರಿ ಎಂದು ಕೇಳಿಯೂ ಆಗಿದೆ.

ಸ್ವೆಟರು ಉಳಿಯಿತು. ಮೇ ತಿಂಗಳಲ್ಲಿ ಸ್ವೆಟರ್ ಹೆಣೆಯುವವಳನ್ನು ಕಂಡು ಗಂಡ, "ಮಳಿಗಾಲದಾಗ ಸಂಡಗಿ ಹಾಕ್ತೀ ಏನ?" ಎಂದರು. ಉಲನ್ ಉಂಡೆಯ ಜೊತೆ ಆಡುವ ಬೆಕ್ಕಿನ ಮರಿಯ ಕ್ಯಾಲೆಂಡರು ಎಲ್ಲರೂ ನೋಡಿದ್ದೀರಿ. ಆ ಚಿತ್ರ ತೆಗೆದವರು ಪಶುವೈದ್ಯರನ್ನು ಕೇಳಿರಲಿಕ್ಕಿಲ್ಲ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳೆಲ್ಲ ಗಂಟಲಿನ ಕಡೆಗೇ ಬಾಗಿರುತ್ತವೆ. ದಾರ ಒಮ್ಮೆ ಬಾಯಿಗೆ ಸಿಕ್ಕರೆ ಉಗುಳಲಾಗದೆ ನುಂಗುತ್ತ ಹೋಗುತ್ತದೆ. ಒಳಗೆ ಕರುಳು ನೆರಿಗೆಯಂತೆ ಮುದುಡಿ ಪ್ರಾಣಕ್ಕೇ ಬರಬಹುದು. ಹೀಗಾಗಿ ನಾನು ಉಂಡೆಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಮುಚ್ಚಳದ ತೂತಿನಿಂದ ಎಳೆ ಹೊರತೆಗೆದು, ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು ಹೆಣೆಯುತ್ತೇನೆ. ಡಬ್ಬಿ ಸಿಗದ ಸಿಟ್ಟಿಗೆ ದೇಸಾಯಿ ತೊಡೆ ಏರುತ್ತಾನೆ. ಕೋಣೆ 37 ಡಿಗ್ರಿ. ಬೆಕ್ಕಿನ ಮೈ ಸಹಜವಾಗಿಯೇ 38ರಿಂದ 39. ಅವನ ಮೇಲೆ ಉಲನ್. ಕರೆಂಟು ಹೋದರೆ ನಾನು, ಅವನು ಮತ್ತು ಟೊರಾಂಟೋದ ಚಳಿಗಾಲ ಮೂವರೂ ಸೇರಿ ಬೇಯುತ್ತೇವೆ.

ಬೆನ್ನಿನ ಭಾಗ ಮುಗಿದ ದಿನ ವಿಡಿಯೊ ಕರೆಯಲ್ಲಿ ಅಕ್ಕನ ಮಗಳಿಗೆ ತೋರಿಸಿದೆ. ಅವಳು ಫೋನನ್ನು ಕೂಸಿನ ಕಡೆ ತಿರುಗಿಸಿದಳು. ಕೂಸು ಆಗಲೇ ನಿಂತಿತ್ತು, ಸೋಫಾ ಹಿಡಿದು. "ಮಾವಶಿ, ಭಾಳ ಛಂದ ಐತಿ. ಗೊಂಬಿಗೆ ಆಗ್ತೈತಿ" ಎಂದಳು. ಗೊಂಬೆಗೆ ಆಗುವುದು ಬೆಕ್ಕಿಗೂ ಆಗುತ್ತದಲ್ಲ ಎಂದು ನೋಡಿದೆ. ಅಳತೆ ಸರಿಯಾಗಿಯೇ ಇತ್ತು. ತೊಡಿಸಲು ಹೋಗಿದ್ದಕ್ಕೆ ಬಿದ್ದ ಗೀರು ಮಾಸುತ್ತ ಬಂದಿದೆ. ತೊಡಲು ಒಲ್ಲದವನು ಅದರ ಮೇಲೆ ಮಲಗಲು ಮಾತ್ರ ತಕರಾರು ಮಾಡಲಿಲ್ಲ.

ಶಾಲೆ ಶುರುವಾಗುವ ಹೊತ್ತು ಬಂತು. ಮಾವನವರು ಹಳೇ ನೋಟ್‌ಬುಕ್ಕಿನಲ್ಲಿ ಪಹಣಿ ಬರೆದಿಟ್ಟಿದ್ದಾರೆ: ಕುಂಡಗಳು, ಒಂದು ಬಿಟ್ಟು ಉಳಿದವೆಲ್ಲ, ದೇಸಾಯಿ; ಕೌದಿ, ನಡುವಿನ ಗಾಂವಠಾಣ ಸಮೇತ, ದೇಸಾಯಿ; ಸ್ವೆಟರಿನ ಬೆನ್ನು, ದೇಸಾಯಿ; ಮಲ್ಲಿಗೆ, ಸೊಸೆ, ಹಂಗಾಮಿ.

ಮುಂದಿನ ಬೇಸಿಗೆಗೆ ಅತ್ತೆ ಈಗಲೇ ಹೊಸ ಕೌದಿಗೆ ಬಟ್ಟೆ ಕೂಡಿಹಾಕುತ್ತಿದ್ದಾರೆ. ಮನೆಯಲ್ಲಿ ಹಳೇ ಸೀರೆ ಇರುವ ಅಕ್ಕತಂಗಿಯರು ಪಾತ್ರೆ ಮಾರುವವಳಿಗೆ ಕೊಡುವ ಮುಂಚೆ ನಮ್ಮ ಕಡೆ ಒಂದು ಮಾತು ಹೇಳಿ ಕಳಿಸಿ. ಹತ್ತಿಯದಾದರೆ ಹರಿದದ್ದೂ ನಡೆಯುತ್ತದೆ. ಪಾಲಿಯೆಸ್ಟರ್ ಮಾತ್ರ ಬೇಡ, ದೇಸಾಯಿ ಅದರ ಮೇಲೆ ಮಲಗುವುದಿಲ್ಲ.